ಗುಂಡು ದೊಡ್ಡದೋ, ಗುರಿ ದೊಡ್ಡದೋ?

ಎತ್ತಿನ ಗೊರಸನ್ನು ನೋಡದೆ ಲಾಳ ಕಟ್ಟುವವರಿಲ್ಲ. ಬೆರಳಿನ ಅಳತೆಯನ್ನು ಕೇಳದೆ ಉಂಗುರಕ್ಕೆ ಚಿನ್ನ ಕಾಯಿಸುವ ಅಕ್ಕಸಾಲಿಗನಿಲ್ಲ. ಕೋವಿಯನ್ನು ಕೊಳ್ಳಹೊರಟ ಮನುಷ್ಯನು ಮಾತ್ರ ಬಹುಮಟ್ಟಿಗೆ ತನ್ನ ಕೈಯನ್ನೂ ತನ್ನ ಕೆಲಸವನ್ನೂ ಮರೆತು, ಅಂಗಡಿಯಲ್ಲಿರುವ ಗುಂಡುಗಳಲ್ಲೆಲ್ಲ ದೊಡ್ಡದು ಯಾವುದೆಂದು ಮೊದಲು ವಿಚಾರಿಸುತ್ತಾನೆ. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಈ ವಿಚಾರಣೆ ನೂರೈವತ್ತು ವರ್ಷಗಳಿಂದ ನಡೆದುಬಂದಿದೆ. ಭುಜಕ್ಕೆ ಆನಿಸಿ ಹೊಡೆಯುವ ಲೀವರ್ ರೈಫಲ್ಲಿಗೆ ಯಾವ ಅಳತೆಯ ತೋಟೆ ಲೇಸು? ಉಡುಪಿನೊಳಗೆ ಅಡಗಿಸಿಕೊಂಡು ತಿರುಗುವ ಪುಟ್ಟ ಪಿಸ್ತೂಲಿಗೆ ಯಾವುದು ಲೇಸು? ಎರಡಕ್ಕೂ ಒಂದೇ ತೋಟೆ ಒದಗುವಂತಿದ್ದರೆ ಇನ್ನೂ ಲೇಸಲ್ಲವೇ? ಮೇಲ್ನೋಟಕ್ಕೆ ಇವು ಅಂಗಡಿಕಟ್ಟೆಯ ಪ್ರಶ್ನೆಗಳು. ಒಳಹೊಕ್ಕು ನೋಡಿದರೆ ಇವುಗಳ ಹಿಂದೆ ಒಂದು ನಾಡಿನ ಚರಿತ್ರೆಯಿದೆ, ಭೌತಶಾಸ್ತ್ರದ ನಿಷ್ಠುರವಾದ ನಿಯಮಗಳಿವೆ, ಸಾವುನೋವುಗಳ ಲೆಕ್ಕವೂ ಇದೆ.

ಅಳತೆಯ ಭಾಷೆ

ಕ್ಯಾಲಿಬರ್ ಎಂದರೆ ನಳಿಗೆಯ ಒಳವ್ಯಾಸ. ಅಮೆರಿಕನ್ನರು ಅದನ್ನು ಇಂಚಿನ ಭಾಗಗಳಲ್ಲಿ ಹೇಳುತ್ತಾರೆ. ಯೂರೋಪಿನವರು ಮಿಲಿಮೀಟರುಗಳಲ್ಲಿ ಹೇಳುತ್ತಾರೆ. .44 ಎಂದರೆ ಒಂದು ಇಂಚನ್ನು ನೂರು ಪಾಲು ಮಾಡಿದಾಗ ಹೆಚ್ಚು ಕಡಿಮೆ ನಲವತ್ತನಾಲ್ಕು ಪಾಲಿನ ಅಗಲ. ಹಳೆಯ ಅಮೆರಿಕನ್ ತೋಟೆಗಳ ಹೆಸರಿನಲ್ಲಿ ಎರಡು ಅಂಕಿಗಳಿರುವುದುಂಟು. ‘.44-40’ ಎಂಬಲ್ಲಿ ಮೊದಲನೆಯದು ಗುಂಡಿನ ಅಗಲವಾದರೆ, ಎರಡನೆಯದು ಚಿಪ್ಪಿನೊಳಗೆ ತುಂಬುತ್ತಿದ್ದ ಕರಿಮದ್ದಿನ ತೂಕ, ಅಂದರೆ 40 ಗ್ರೇನ್. ಚಿನ್ನಬೆಳ್ಳಿಯನ್ನು ತೊಲದಲ್ಲಿ ತೂಗಿದ ಮನೆಗಳಿಗೆ ಈ ತೂಕ ಅಪರಿಚಿತವೇನಲ್ಲ: ಒಂದು ತೊಲಕ್ಕೆ ಸರಿಯಾಗಿ 180 ಗ್ರೇನ್. ಆ .44-40 ತೋಟೆಯ ಗುಂಡು 200 ಗ್ರೇನ್, ಎಂದರೆ ಒಂದು ತೊಲಕ್ಕಿಂತ ತುಸು ಹೆಚ್ಚಿನ ಸೀಸ.

ಆದರೆ ಹೆಸರಿನ ಅಂಕಿಯನ್ನೇ ನಂಬಿದವನು ಮೋಸಹೋಗುತ್ತಾನೆ. ‘.38 ಸ್ಪೆಷಲ್’ ಮತ್ತು ‘.357 ಮ್ಯಾಗ್ನಮ್’ ಎಂಬ ಎರಡು ತೋಟೆಗಳ ಗುಂಡುಗಳ ಅಗಲ ಒಂದೇ. ಬೇರೆಯಾಗಿರುವುದು ಹಿತ್ತಾಳೆಯ ಚಿಪ್ಪಿನ ಉದ್ದ ಮತ್ತು ಅದರೊಳಗೆ ಹುಟ್ಟುವ ಒತ್ತಡ. ಗುಂಡಿನ ಶಕ್ತಿಯು ಅದರ ತೂಕದೊಡನೆ ಸಮನಾಗಿ ಬೆಳೆದರೆ, ವೇಗದೊಡನೆ ವರ್ಗದ ಲೆಕ್ಕದಲ್ಲಿ ಬೆಳೆಯುತ್ತದೆ: ವೇಗ ಇಮ್ಮಡಿಯಾದರೆ ಶಕ್ತಿ ನಾಲ್ಮಡಿ. ಹೀಗಾಗಿ ಕಿರಿದಾದರೂ ಬಿರುಸಾದ ಗುಂಡು, ಹಿರಿದಾದರೂ ಮಂದವಾದ ಗುಂಡನ್ನು ಹಿಂದಿಕ್ಕಬಹುದು.

ಇಷ್ಟರಿಂದ ಲೆಕ್ಕ ಮುಗಿಯುವುದಿಲ್ಲ. ಗುಂಡನ್ನು ಮುಂದಕ್ಕೆ ನೂಕುವ ಬಲವೇ ಕೋವಿಯನ್ನು ಹಿಂದಕ್ಕೆ ನೂಕುತ್ತದೆ. ನ್ಯೂಟನ್ ಮಹಾಶಯನ ಮೂರನೆಯ ನಿಯಮವು ಯಾವ ಬೇಟೆಗಾರನ ಭುಜಕ್ಕೂ ರಿಯಾಯಿತಿ ತೋರಿಸಿದ್ದಿಲ್ಲ. ದೊಡ್ಡ ಗುಂಡೆಂಬುದು ಸಾಹುಕಾರನ ಸಾಲದಂತೆ. ಕೈಗೆ ಬರುವಾಗ ಸೊಗಸು, ಬಡ್ಡಿ ತೆರುವಾಗ ಸಂಕಟ. ಒದೆತ ಒಂದು ಬಡ್ಡಿ, ತೂಕ ಇನ್ನೊಂದು, ಸದ್ದು ಮತ್ತು ಬೆಲೆ ಮತ್ತೆರಡು. ಇವೆಲ್ಲಕ್ಕೂ ಮೇಲಾಗಿ, ಒಂದು ತೋಟೆಯ ಗಾತ್ರ ಹಿಗ್ಗಿದಷ್ಟೂ ಕೋವಿಯಲ್ಲಿ ಹಿಡಿಸುವ ತೋಟೆಗಳ ಸಂಖ್ಯೆ ಕುಗ್ಗುತ್ತದೆ. ಕ್ಯಾಲಿಬರಿನ ಆಯ್ಕೆಯೆಂದರೆ, ಎಷ್ಟು ಸಾಲ ಬೇಕು, ಎಷ್ಟು ಬಡ್ಡಿಯನ್ನು ತಾಳಬಲ್ಲೆ ಎಂಬ ವಿವೇಚನೆಯೇ ಆಗಿದೆ.

ಅಂಗಿ ಹೊಲಿಸುತ್ತಿದ್ದವನ ರೈಫಲ್

ಲೀವರ್ ರೈಫಲ್ಲಿನ ಕಥೆ ಒಬ್ಬ ಅಂಗಿಯ ವ್ಯಾಪಾರಿಯಿಂದ ಮುಂದುವರಿದದ್ದು ಸೋಜಿಗವಾದರೂ ಸತ್ಯ. ಕನೆಕ್ಟಿಕಟ್ ಸಂಸ್ಥಾನದ ನ್ಯೂ ಹೇವನ್ ಪಟ್ಟಣದಲ್ಲಿ ಆಲಿವರ್ ವಿಂಚೆಸ್ಟರ್ ಎಂಬಾತ ಗಂಡಸರ ಅಂಗಿಗಳನ್ನು ತಯಾರಿಸುವ ಕಾರ್ಖಾನೆಯನ್ನಿಟ್ಟು ಹಣ ಗಳಿಸಿದ್ದ. ಸೋಲುತ್ತಿದ್ದ ಒಂದು ಕೋವಿ ಕಂಪನಿಯಲ್ಲಿ ಆತ ಆ ಹಣವನ್ನು ತೊಡಗಿಸಿದ. ಅಲ್ಲಿನ ಕುಶಲಕರ್ಮಿ ಬೆಂಜಮಿನ್ ಟೈಲರ್ ಹೆನ್ರಿ 1860ರಲ್ಲಿ ಒಂದು ರೈಫಲ್ಲಿಗೆ ಹಕ್ಕುಪತ್ರ ಪಡೆದ. ಟ್ರಿಗರಿನ ಕೆಳಗಿರುವ ಲೋಹದ ಬಳೆಯೇ ಲೀವರ್, ಎಂದರೆ ಸನ್ನೆ. ಅದನ್ನು ಕೆಳಕ್ಕೆ ತಳ್ಳಿದರೆ ಹೊಡೆದ ತೋಟೆಯ ಖಾಲಿ ಚಿಪ್ಪು ಹೊರಕ್ಕೆ ಚಿಮ್ಮುತ್ತದೆ, ಕುದುರೆ ಹಿಂದಕ್ಕೆ ಬಾಗಿ ಸಿದ್ಧವಾಗುತ್ತದೆ. ಮೇಲಕ್ಕೆಳೆದರೆ ಹೊಸ ತೋಟೆ ನಳಿಗೆಯನ್ನು ಸೇರುತ್ತದೆ. ನಳಿಗೆಯ ಕೆಳಗಿನ ಕೊಳವೆಯಲ್ಲಿ ತೋಟೆಗಳು ಒಂದರ ಹಿಂದೊಂದು ಸಾಲಾಗಿ ಮಲಗಿರುತ್ತವೆ. ಒಂದೊಂದೇ ಗುಂಡನ್ನು ಬಾಯಿಯಿಂದ ತುರುಕಿ ಗಜದಿಂದ ಬಡಿಯುತ್ತಿದ್ದ ಆ ಕಾಲದಲ್ಲಿ, ಹದಿನೈದು ಹದಿನಾರು ಗುಂಡುಗಳನ್ನು ಬಿಡದೆ ಹಾರಿಸುವ ಕೋವಿಯೆಂದರೆ ಜನ ಬೆರಗಾದರು. ಭಾನುವಾರ ತುಂಬಿದರೆ ವಾರವಿಡೀ ಹೊಡೆಯಬಹುದಾದ ಕೋವಿ ಎಂದು ಅಂತರ್ಯುದ್ಧದ ಸೈನಿಕರು ಅದನ್ನು ಬೈಯುತ್ತಿದ್ದರೆಂಬ ಮಾತು ಅಮೆರಿಕದಲ್ಲಿ ಪ್ರಚಲಿತವಾಗಿದೆ.

ಹೆನ್ರಿಯ ತೋಟೆ ಬಲದಲ್ಲಿ ಸಾಧಾರಣವಾದದ್ದು. ಮೂವತ್ತು ಗ್ರೇನಿಗಿಂತಲೂ ಕಡಿಮೆ ಮದ್ದು, ತೊಲಕ್ಕಿಂತ ಸ್ವಲ್ಪ ಹೆಚ್ಚಿನ ಗುಂಡು. ಆದರೂ ಸಂಖ್ಯೆಯೇ ಒಂದು ಬಲವೆಂಬುದು 1876ರ ಜೂನ್ 25ರಂದು ಮೊಂಟಾನದ ಲಿಟಲ್ ಬಿಗ್‌ಹಾರ್ನ್ ನದಿಯ ದಂಡೆಯಲ್ಲಿ ಕಾಣಬಂದಿತು. ಅಂದು ಕರ್ನಲ್ ಕಸ್ಟರ್ ಮತ್ತು ಆತನೊಡನಿದ್ದ ಐದು ತುಕಡಿಗಳು ಲಕೋಟ ಮತ್ತು ಶಯೆನ್ ಯೋಧರ ಕೈಯಲ್ಲಿ ನಿರ್ನಾಮವಾದವು. ಸರಕಾರಿ ಅಶ್ವದಳದ ಕೈಯಲ್ಲಿದ್ದುದು ಒಂದೇ ಗುಂಡಿನ ಸ್ಪ್ರಿಂಗ್‌ಫೀಲ್ಡ್. ದೂರಕ್ಕೆ ಹೊಡೆಯಬಲ್ಲ, ಭಾರವಾದ.45 ಗುಂಡಿನ ಕೋವಿ. ಎದುರಾಳಿಗಳಲ್ಲಿ ಅನೇಕರ ಕೈಯಲ್ಲಿದ್ದುದು ಹೆನ್ರಿ ಮತ್ತು ವಿಂಚೆಸ್ಟರ್ ಲೀವರ್ ರೈಫಲ್. ಜನಸಂಖ್ಯೆ, ನೆಲದ ಏರಿಳಿತ, ಸೇನಾನಿಯ ದುಡುಕು ಇವೆಲ್ಲವೂ ಆ ಸೋಲಿಗೆ ಕಾರಣಗಳು. ಆದರೆ ಹತ್ತಿರದ ಕಾದಾಟದಲ್ಲಿ ಮೇಲಿಂದ ಮೇಲೆ ಹಾರಿದ ಸಾಧಾರಣ ಗುಂಡುಗಳ ಪಾತ್ರವನ್ನು ಅಲ್ಲಗಳೆಯುವಂತಿಲ್ಲ. 1983ರಲ್ಲಿ ಕಾಳ್ಗಿಚ್ಚೊಂದು ಆ ರಣಭೂಮಿಯ ಹುಲ್ಲನ್ನು ಸುಟ್ಟುಹಾಕಿದ ಮೇಲೆ ಪುರಾತತ್ತ್ವಜ್ಞರು ಅಲ್ಲಿ ಅಗೆದರು. ಮಣ್ಣಿನಲ್ಲಿ ಹೂತಿದ್ದ ಹಿತ್ತಾಳೆಯ ಚಿಪ್ಪುಗಳ ಹಿಂಬದಿಯ ಗುರುತುಗಳಿಂದ ಒಂದೊಂದು ಕೋವಿ ಎಲ್ಲಿಂದ ಎಲ್ಲಿಗೆ ನಡೆದುಹೋಯಿತೆಂಬುದನ್ನೂ ಅವರು ಗುರುತಿಸಿದರು. ತುಟಿ ಬಿಚ್ಚದ ಚಿಪ್ಪುಗಳೇ ಆ ದಿನದ ಸಾಕ್ಷಿಗಳಾದವು.

ಒಂದೇ ಪಟ್ಟಿಯ ತೋಟೆ

ಅದಕ್ಕೆ ಮೂರು ವರ್ಷ ಮೊದಲೇ, 1873ರಲ್ಲಿ, ವಿಂಚೆಸ್ಟರ್ ಕಂಪನಿಯು .44-40 ತೋಟೆಯ ಹೊಸ ರೈಫಲ್ಲನ್ನು ಹೊರತಂದಿತ್ತು. ಇದರ ಬಂದೂಕು ಮತ್ತು ತೋಟೆ ಎರಡೂ ಪಶ್ಚಿಮದ ಬಯಲಿನಲ್ಲಿ ಮನೆಮಾತಾದವು. 1878ರಲ್ಲಿ ಕೋಲ್ಟ್ ಕಂಪನಿಯು ತನ್ನ ಪ್ರಸಿದ್ಧ ಆರು ಗುಂಡಿನ ರಿವಾಲ್ವರನ್ನು ಇದೇ .44-40 ತೋಟೆಗೆ ಹೊಂದಿಸಿ, ‘ಫ್ರಾಂಟಿಯರ್ ಸಿಕ್ಸ್ ಶೂಟರ್’ ಎಂಬ ಹೆಸರಿನಿಂದ ಮಾರಲಾರಂಭಿಸಿತು. ಈ ಏರ್ಪಾಟಿನ ಬೆಲೆಯನ್ನು ಅರಿಯಬೇಕಾದರೆ ಆ ನಾಡಿನ ಆಗಿನ ಸ್ಥಿತಿಯನ್ನು ನೆನೆಯಬೇಕು. ಅಂಗಡಿಯೆಂಬುದು ಹಲವು ದಿನಗಳ ಸವಾರಿಯ ದೂರ. ಸೊಂಟದ ಪಟ್ಟಿಯಲ್ಲಿರುವ ತೋಟೆಗಳಷ್ಟೇ ಆಸ್ತಿ. ರೈಫಲ್ಲಿಗೊಂದು, ರಿವಾಲ್ವರಿಗೊಂದು ಎಂದು ಎರಡು ಬಗೆ ಹೊತ್ತವನು ಕತ್ತಲಲ್ಲಿ, ಗಾಬರಿಯಲ್ಲಿ ಒಂದರದನ್ನು ಇನ್ನೊಂದಕ್ಕೆ ತುರುಕಹೋಗಿ ಪ್ರಾಣ ಕಳೆದುಕೊಳ್ಳುವ ಅಪಾಯವಿತ್ತು. ಒಂದೇ ಬಗೆಯಾದರೆ ಪಟ್ಟಿಯಲ್ಲಿ ಕೈಗೆ ಸಿಕ್ಕಿದ್ದೆಲ್ಲ ಎರಡಕ್ಕೂ ಸಲ್ಲುತ್ತಿತ್ತು. ಮುಂದೆ .38-40 ಮತ್ತು .32-20 ಎಂಬ ತೋಟೆಗಳೂ ಇದೇ ಜಾಡಿನಲ್ಲಿ ನಡೆದವು. 1873ರ ಮಾದರಿ ಏಳು ಲಕ್ಷಕ್ಕೂ ಮೀರಿ ತಯಾರಾದುದರ ಗುಟ್ಟಿನಲ್ಲಿ ಈ ಸೌಕರ್ಯಕ್ಕೂ ಒಂದು ಪಾಲುಂಟು.

ಆದರೆ ಎರಡು ದೋಣಿಗೆ ಒಂದೇ ಹುಟ್ಟು ಹಾಕುವವನು ಎರಡರಲ್ಲೂ ಸ್ವಲ್ಪ ವೇಗವನ್ನು ಕಳೆದುಕೊಳ್ಳುತ್ತಾನೆ. ರಿವಾಲ್ವರಿಗೆ ಹಿಡಿಸುವಷ್ಟು ಗಿಡ್ಡನೆಯ ತೋಟೆ ರೈಫಲ್ಲಿಗೆ ಬಡವಾಯಿತು. ನೂರು ಗಜದಾಚೆಗೆ ಅದರ ಗುಂಡು ಬಲುಬೇಗ ಬಾಗಿ ಇಳಿಯುತ್ತಿತ್ತು. ಕಾಡೆಮ್ಮೆಯನ್ನೂ ಭಾರಿ ಕರಡಿಯನ್ನೂ ಅರಸಿ ಹೊರಟವರು ಒಂದೇ ಗುಂಡಿನ, ಭಾರವಾದ ಬೇರೆ ರೈಫಲ್ಲುಗಳನ್ನೇ ನೆಚ್ಚಿದರು. .45-70 ಎಂಬ ಸೈನ್ಯದ ತೋಟೆಯ ಗುಂಡು 405 ಗ್ರೇನ್, ಎಂದರೆ ಎರಡೂಕಾಲು ತೊಲ. ಅಷ್ಟು ಉದ್ದದ ತೋಟೆಯನ್ನಾಗಲಿ ಅದರ ಒತ್ತಡವನ್ನಾಗಲಿ ತಾಳುವ ಎದೆ 1873ರ ಲೀವರ್ ಯಂತ್ರಕ್ಕೆ ಇರಲಿಲ್ಲ.

ಆ ಎದೆಯನ್ನು ಕೊಟ್ಟವನು ಯೂಟಾ ಪ್ರಾಂತದ ಆಗ್ಡನ್ ಊರಿನ ಜಾನ್ ಮೋಸೆಸ್ ಬ್ರೌನಿಂಗ್. ಬಂದೂಕಿನ ಕಸುಬುದಾರನ ಮಗನಾಗಿ 1855ರಲ್ಲಿ ಹುಟ್ಟಿದ ಈತ ಈ ವಿದ್ಯೆಯ ವಿಶ್ವಕರ್ಮನೆನ್ನಿಸಿಕೊಂಡ. ಈತ ರೂಪಿಸಿದ 1886ರ ಮಾದರಿ .45-70 ತೋಟೆಯನ್ನು ಸಲೀಸಾಗಿ ಜೀರ್ಣಿಸಿಕೊಂಡಿತು. 1892ರ ಮಾದರಿ ಅದೇ ಗಟ್ಟಿತನವನ್ನು ಗಿಡ್ಡ ತೋಟೆಗಳಿಗೆ ಇಳಿಸಿತು. 1894ರ ಮಾದರಿಗೆ ಮರುವರ್ಷ ಹೊಗೆಯಿಲ್ಲದ ಹೊಸ ಮದ್ದಿನ .30-30 ತೋಟೆ ಜೊತೆಯಾಯಿತು. ಗುಂಡಿನ ಅಗಲ ಕಿರಿದಾಯಿತು, ವೇಗ ಸೆಕೆಂಡಿಗೆ ಎರಡು ಸಾವಿರ ಅಡಿಯ ಸಮೀಪಕ್ಕೇರಿತು. ಜಿಂಕೆಯ ಬೇಟೆಗೆ ಹೇಳಿ ಮಾಡಿಸಿದಂತಿದ್ದ ಆ ಮಾದರಿ ಎಪ್ಪತ್ತು ಲಕ್ಷಕ್ಕೂ ಮೀರಿ ತಯಾರಾಗಿದೆ. ದೊಡ್ಡದರಿಂದ ಚಿಕ್ಕದಕ್ಕೆ ಇಳಿದು ಬಲವನ್ನು ಹೆಚ್ಚಿಸಿಕೊಂಡ ಮೊದಲ ಪಾಠ ಇದು.

ಕೊಳವೆಯಲ್ಲಿ ತೋಟೆಗಳನ್ನು ಸಾಲಾಗಿರಿಸುವ ಪದ್ಧತಿಗೆ ಒಂದು ಕಟ್ಟುಪಾಡು ಮಾತ್ರ ಉಳಿಯಿತು. ಹಿಂದಿನ ಗುಂಡಿನ ಮೂತಿ ಮುಂದಿನ ತೋಟೆಯ ಕೇಪಿಗೆ ತಾಗಿಕೊಂಡಿರುತ್ತದೆ. ಮೂತಿ ಚೂಪಾಗಿದ್ದರೆ, ಕೋವಿ ಒದ್ದಾಗ ಅದೇ ಸೂಜಿಯಾಗಿ ಕೇಪನ್ನು ಚುಚ್ಚಿ ಕೊಳವೆಯೊಳಗೇ ಸ್ಫೋಟವಾದೀತು. ಆದಕಾರಣ ಇಂತಹ ರೈಫಲ್ಲುಗಳಿಗೆ ಮೊಂಡು ಮೂತಿಯ ಗುಂಡುಗಳೇ ನಿಯಮವಾದವು. ಗಾಳಿಯನ್ನು ಸೀಳುವ ಚೂಪು ಗುಂಡಿನ ದೂರ ಅವಕ್ಕೆ ದಕ್ಕಲಿಲ್ಲ.

ಬೆಂಗಳೂರಿನ ಕಾಡುಗಳಿಗೆ ಬಂದ .405

ಈ ಕಟ್ಟನ್ನೂ ಬ್ರೌನಿಂಗನೇ ಬಿಡಿಸಿದ. 1895ರ ಮಾದರಿಯಲ್ಲಿ ಕೊಳವೆಯ ಬದಲು ಪೆಟ್ಟಿಗೆಯನ್ನಿಟ್ಟು ತೋಟೆಗಳನ್ನು ಒಂದರ ಮೇಲೊಂದು ಪೇರಿಸಿದ. 1904ರಲ್ಲಿ ಅದಕ್ಕೆಂದೇ .405 ವಿಂಚೆಸ್ಟರ್ ತೋಟೆ ಹುಟ್ಟಿತು: 300 ಗ್ರೇನ್ ಗುಂಡು, ಸೆಕೆಂಡಿಗೆ ಸುಮಾರು 2200 ಅಡಿ ವೇಗ. ಅಮೆರಿಕದ ಮಾಜಿ ಅಧ್ಯಕ್ಷ ಥಿಯೊಡೊರ್ ರೂಸ್‌ವೆಲ್ಟ್ 1909ರಲ್ಲಿ ಆಫ್ರಿಕಾಕ್ಕೆ ಹೋದಾಗ ಸಿಂಹಗಳಿಗೆಂದು ಒಯ್ದುದು ಇದನ್ನೇ.

ಕನ್ನಡ ವಾಚಕರಿಗೆ ಈ ರೈಫಲ್ ದೂರದ ನೆಂಟನೇನಲ್ಲ. ಬೆಂಗಳೂರಿನಲ್ಲಿ ಬಾಳಿ 1974ರಲ್ಲಿ ಅಲ್ಲಿಯೇ ತೀರಿಕೊಂಡ ಕೆನೆತ್ ಆಂಡರ್‌ಸನ್ ಬಹುಕಾಲ ನೆಚ್ಚಿದ್ದು .405 ವಿಂಚೆಸ್ಟರನ್ನೇ. ನರಭಕ್ಷಕ ಹುಲಿಚಿರತೆಗಳನ್ನು ಕುರಿತ ಆತನ ಮೊದಲ ಪುಸ್ತಕ 1954ರಲ್ಲಿ ಪ್ರಕಟವಾಯಿತು. ಪೂರ್ಣಚಂದ್ರ ತೇಜಸ್ವಿಯವರು ಆತನ ಕಥನಗಳನ್ನು ‘ಕಾಡಿನ ಕಥೆಗಳು’ ಮಾಲೆಯಲ್ಲಿ ಕನ್ನಡಕ್ಕೆ ತಂದ ಮೇಲೆ ಆ ಕೋವಿಯ ಸದ್ದು ಕನ್ನಡದ ಮನೆಗಳಲ್ಲೂ ಕೇಳಿಸಿತು. ಆಂಡರ್‌ಸನ್ನನ ಬೇಟೆಯ ರೀತಿಯನ್ನು ಗಮನಿಸಿದರೆ ಆಯ್ಕೆಯ ತರ್ಕ ತಾನಾಗಿ ತಿಳಿಯುತ್ತದೆ. ಪೊದೆಗಳು ಹೆಣೆದುಕೊಂಡ ಕಾಡು. ಮರದ ಮೇಲಿನ ಮಚಾನು, ಇಲ್ಲವೇ ಕಾಲ್ದಾರಿಯ ತಿರುವು. ಎದುರಾಗುವುದು ಕೆಲವೇ ಮಾರು ದೂರದಲ್ಲಿ, ಅದೂ ಟಾರ್ಚಿನ ಬೆಳಕಿನಲ್ಲಿ. ಅಲ್ಲಿ ಐದುನೂರು ಗಜ ಹಾರುವ ಚೂಪು ಗುಂಡಿನ ಅಗತ್ಯವೇ ಇರಲಿಲ್ಲ. ಬೇಕಾದುದು ಹತ್ತಿರದಲ್ಲಿ ಬಲವಾಗಿ ಬೀಳುವ ಭಾರದ ಗುಂಡು, ಅದು ತಪ್ಪಿದರೆ ಕೂಡಲೇ ಇನ್ನೊಂದು. ಅದರ ಒದೆತವನ್ನು ಭುಜ ತಾಳಬಲ್ಲುದಾಗಿತ್ತು. ಆಯುಧ ಕೈಗೆ ಪಳಗಿತ್ತು. ಕೆಲಸ, ದೂರ ಮತ್ತು ಕೈ ಈ ಮೂರೂ ಒಪ್ಪಿದ ಆಯ್ಕೆಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಕ್ಕುವುದು ಕಷ್ಟ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ತರುವಾಯ ಆ ಬೇಟೆಯ ಯುಗ ಮುಗಿದುಹೋಯಿತು; ಪಾಠ ಉಳಿದುಕೊಂಡಿದೆ.

ಜೇಬಿನೊಳಗಿನ ಸಾವು

ರೈಫಲ್ಲಿನ ಭಾರವನ್ನು ಭುಜ ಹೊರುತ್ತದೆ, ಎರಡು ಕೈಗಳು ಹಿಡಿಯುತ್ತವೆ. ಅಡಗಿಸಿ ಒಯ್ಯುವ ಪಿಸ್ತೂಲಿಗೆ ಆ ಭಾಗ್ಯವಿಲ್ಲ. ಅದರ ಹಿಡಿ ಗಿಡ್ಡ, ನಳಿಗೆ ಗಿಡ್ಡ, ಮೈ ಹಗುರ. ಇಲ್ಲಿ ಬಡ್ಡಿಯ ದರ ರೈಫಲ್ಲಿಗಿಂತ ಬಹಳ ಹೆಚ್ಚು. ಅದೇ ತೋಟೆ ಹಗುರವಾದ ಆಯುಧದಲ್ಲಿ ಹೆಚ್ಚು ಬಿರುಸಾಗಿ ಒದೆಯುತ್ತದೆ.

ಈ ಕ್ಷೇತ್ರದಲ್ಲೂ ಬ್ರೌನಿಂಗನ ಹೆಜ್ಜೆಗುರುತು ಎದ್ದು ಕಾಣುತ್ತದೆ. 1908ರಲ್ಲಿ ಬಂದ ಆತನ .380 ತೋಟೆ ಪುಟ್ಟ ಪಿಸ್ತೂಲುಗಳಿಗಾಗಿಯೇ ರೂಪುಗೊಂಡದ್ದು. ಗುಂಡು ಅರ್ಧ ತೊಲಕ್ಕಿಂತ ತುಸು ಹೆಚ್ಚು. ಕೋವಿಯ ಪಂಡಿತರು ಅದನ್ನು ಬಲಹೀನವೆಂದು ಇಂದಿಗೂ ಮೂಗು ಮುರಿಯುವುದುಂಟು. ಆದರೆ 1914ರ ಜೂನ್ 28ರಂದು ಸರಾಯೆವೊ ನಗರದಲ್ಲಿ ಆಸ್ಟ್ರಿಯದ ಯುವರಾಜ ಫ್ರಾಂಜ್ ಫರ್ಡಿನಾಂಡನನ್ನು ಕೊಂದು ಮಹಾಯುದ್ಧಕ್ಕೆ ಕಿಡಿ ಹಚ್ಚಿದ್ದು ಬ್ರೌನಿಂಗ್ ರೂಪಿಸಿದ ಪಿಸ್ತೂಲಿನಿಂದ ಹಾರಿದ .380 ಗುಂಡು. 1948ರ ಜನವರಿ 30ರಂದು ದೆಹಲಿಯ ಬಿರ್ಲಾ ಭವನದಲ್ಲಿ, ಪ್ರಾರ್ಥನೆಗೆ ನಡೆದು ಬರುತ್ತಿದ್ದ ಮಹಾತ್ಮನ ಎದೆಗೆ ತಗಲಿದ ಮೂರು ಗುಂಡುಗಳೂ ಅದೇ ಅಳತೆಯವು; ಆಯುಧ ಇಟಲಿಯ ಪುಟ್ಟ ಬೆರೆಟ್ಟಾ ಪಿಸ್ತೂಲು. ಚಿಕ್ಕ ಕ್ಯಾಲಿಬರ್ ಎಂದರೆ ನಿರುಪದ್ರವಿ ಎಂದು ಭಾವಿಸುವವರಿಗೆ ಇದಕ್ಕಿಂತ ಕಠೋರವಾದ ಉತ್ತರ ಬೇಕಿಲ್ಲ.

ಇದಕ್ಕೆ ತಿರುಗುಮುರುಗಾದ ಅನುಭವವೂ ಉಂಟು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಫಿಲಿಪೈನ್ಸಿನ ಮೊರೊ ಯೋಧರೊಡನೆ ಕಾದಿದ ಅಮೆರಿಕನ್ ಸೈನಿಕರು, ತಮ್ಮ .38 ರಿವಾಲ್ವರಿನ ಗುಂಡು ತಗಲಿದ ಮೇಲೂ ಎದುರಾಳಿ ಕತ್ತಿ ಹಿರಿದು ಮೇಲೆ ಬೀಳುತ್ತಾನೆಂದು ದೂರಿಕೊಂಡರು. 1904ರಲ್ಲಿ ಸೇನಾಧಿಕಾರಿ ಜಾನ್ ಥಾಂಪ್ಸನ್ ಮತ್ತು ವೈದ್ಯಾಧಿಕಾರಿ ಲೂಯಿ ಲಾಗಾರ್ಡ್ ಶಿಕಾಗೋ ನಗರದ ಕಸಾಯಿಖಾನೆಯ ದನಗಳ ಮೇಲೂ ಮಾನವ ಶವಗಳ ಮೇಲೂ ಪರೀಕ್ಷೆ ನಡೆಸಿ, .45ಕ್ಕಿಂತ ಕಡಿಮೆಯಾದದ್ದು ಸಲ್ಲದೆಂದು ತೀರ್ಪಿತ್ತರು. ಅದರ ಫಲವೇ ಬ್ರೌನಿಂಗ್ ರೂಪಿಸಿದ 1911ರ ಪ್ರಸಿದ್ಧ .45 ಪಿಸ್ತೂಲು. ಮುಕ್ಕಾಲು ಶತಮಾನ ಅದು ಸೈನ್ಯದಲ್ಲಿ ಮೆರೆಯಿತು. ಕಡೆಗೆ 1985ರಲ್ಲಿ ಆ ಸೈನ್ಯವೇ ಚಿಕ್ಕದಾದ 9 ಮಿಲಿಮೀಟರಿಗೆ ಇಳಿಯಿತು.

ಮಯಾಮಿಯ ಪಾಠ

ಮರುವರ್ಷವೇ ವಾದ ಮತ್ತೆ ಹೊತ್ತಿಕೊಂಡಿತು. 1986ರ ಏಪ್ರಿಲ್ 11ರಂದು ಫ್ಲಾರಿಡಾದ ಮಯಾಮಿಯಲ್ಲಿ ಎಂಟು ಮಂದಿ ಎಫ್.ಬಿ.ಐ. ಅಧಿಕಾರಿಗಳು ಇಬ್ಬರು ದರೋಡೆಕೋರರನ್ನು ರಸ್ತೆಯಲ್ಲಿ ಅಡ್ಡಗಟ್ಟಿದರು. ಕೆಲವೇ ನಿಮಿಷಗಳಲ್ಲಿ ನೂರಕ್ಕೂ ಹೆಚ್ಚು ಗುಂಡುಗಳು ಹಾರಿದವು. ಆರಂಭದಲ್ಲಿಯೇ ಅಧಿಕಾರಿಯೊಬ್ಬರ 9 ಮಿ.ಮೀ. ಗುಂಡು ದರೋಡೆಕೋರನೊಬ್ಬನ ತೋಳನ್ನು ತೂರಿ ಎದೆಯನ್ನು ಹೊಕ್ಕು, ಹೃದಯಕ್ಕೆ ಒಂದಂಗುಲದಷ್ಟು ಈಚೆಗೆ ನಿಂತುಬಿಟ್ಟಿತು. ಸಾಯುವ ಗಾಯವಾಗಿದ್ದರೂ ಆತ ಕೂಡಲೇ ಕುಸಿಯಲಿಲ್ಲ. ಆ ಬಳಿಕವೂ ಅವನು ರೈಫಲ್ ಹಿಡಿದು ಕಾದಾಡಿದ. ಬೆನ್ ಗ್ರೋಗನ್ ಮತ್ತು ಜೆರಿ ಡವ್ ಎಂಬ ಇಬ್ಬರು ಅಧಿಕಾರಿಗಳು ಪ್ರಾಣ ತೆತ್ತರು, ಐವರು ಗಾಯಗೊಂಡರು. ಒಂದು ಕೈ ಛಿದ್ರವಾಗಿದ್ದ ಎಡ್ಮುಂಡೊ ಮಿರೆಲೆಸ್ ಎಂಬ ಅಧಿಕಾರಿ ಕೊನೆಗೆ ರಿವಾಲ್ವರಿನಿಂದ ಇಬ್ಬರನ್ನೂ ಕೆಡವಿದರು.

ಒಂದಂಗುಲದ ಆ ಕೊರತೆ ಒಂದು ತಲೆಮಾರಿನ ಚಿಂತನೆಯನ್ನು ತಿರುಗಿಸಿತು. ಗುಂಡು ಎಷ್ಟು ಆಳ ಹೋಗಬೇಕೆಂಬುದಕ್ಕೆ ಎಫ್.ಬಿ.ಐ. ಒಂದು ಗೊತ್ತುಪಾಡನ್ನು ವಿಧಿಸಿತು: ಮಾಂಸದ ಗುಣವನ್ನು ಅನುಕರಿಸುವ ಜೆಲಟಿನ್ ದಿಂಡಿನಲ್ಲಿ ಕನಿಷ್ಠ 12 ಇಂಚು, ಹೆಚ್ಚೆಂದರೆ 18 ಇಂಚು. ಕಡಿಮೆಯಾದರೆ ಮರ್ಮವನ್ನು ಮುಟ್ಟದು. ಹೆಚ್ಚಾದರೆ ಎದುರಾಳಿಯನ್ನು ದಾಟಿ ಹಿಂದಿರುವ ನಿರಪರಾಧಿಯನ್ನು ಬಾಧಿಸೀತು. ಮೊದಲು ಆರಿಸಿದ 10 ಮಿ.ಮೀ. ತೋಟೆಯ ಒದೆತ ಅನೇಕರ ಕೈಗೆ ಮೀರಿತು, ಪಿಸ್ತೂಲು ಕೂಡ ಭಾರವಾಯಿತು. ಅದನ್ನೇ ಮೊಟಕುಗೊಳಿಸಿ 1990ರಲ್ಲಿ .40 ತೋಟೆ ಬಂದಿತು. ದೇಶದ ಪೊಲೀಸರೆಲ್ಲ ಅದಕ್ಕೆ ಮುಗಿಬಿದ್ದರು. ಕಾಲು ಶತಮಾನ ಕಳೆಯುವಷ್ಟರಲ್ಲಿ ಗುಂಡು ತಯಾರಿಸುವ ಕಲೆ ಮುಂದುವರಿಯಿತು. ಗುರಿಯನ್ನು ಹೊಕ್ಕ ಕೂಡಲೇ ಹೂವಿನಂತೆ ಅರಳಿಯೂ ಬೇಕಾದಷ್ಟು ಆಳಕ್ಕೆ ಇಳಿಯುವ 9 ಮಿ.ಮೀ. ಗುಂಡುಗಳು ಸಿದ್ಧವಾದವು. ಕಡಿಮೆ ಒದೆಯುವ ಪಿಸ್ತೂಲಿನಿಂದ ಅಧಿಕಾರಿಗಳು ಹೆಚ್ಚು ಬೇಗನೆ, ಹೆಚ್ಚು ಚೊಕ್ಕವಾಗಿ ಗುರಿ ಮುಟ್ಟಿಸುತ್ತಾರೆಂಬುದೂ ಮನವರಿಕೆಯಾಯಿತು. 2016ರಲ್ಲಿ ಎಫ್.ಬಿ.ಐ. ಮತ್ತೆ 9 ಮಿ.ಮೀ. ಪಿಸ್ತೂಲುಗಳನ್ನು ಕೊಳ್ಳಲು ಒಪ್ಪಂದ ಮಾಡಿಕೊಂಡಿತು. ಮೂವತ್ತು ವರ್ಷ ಊರೆಲ್ಲ ಸುತ್ತಿ ಬಂಡಿ ಹೊರಟ ಮನೆಗೇ ಬಂದು ನಿಂತಿತು. ಎತ್ತುಗಳು ಮಾತ್ರ ಹೊಸವು.

ಇಂದಿನ ಅಂಗಡಿಯಲ್ಲಿ

ಇಷ್ಟೆಲ್ಲವನ್ನೂ ಬಲ್ಲ ಅಮೆರಿಕನ್ ಅಂಗಡಿಕಾರನು ಇಂದು ಏನು ಹೇಳಿಯಾನು? ಅಡಗಿಸಿ ಒಯ್ಯುವ ಪಿಸ್ತೂಲಿಗಾದರೆ ಬಹುಶಃ 9 ಮಿ.ಮೀ. ಎಂದಾನು. 2018ರಲ್ಲಿ ಬಂದ ಒಂದು ಪ್ರಸಿದ್ಧ ಮಾದರಿ ಅರ್ಧ ಕಿಲೋಗ್ರಾಂ ತೂಕದಲ್ಲಿ ಹತ್ತು ತೋಟೆಗಳನ್ನು ಉಗ್ರಾಣದಲ್ಲಿ ಹಿಡಿಸಿತು. ಕೈಯಲ್ಲಿ ಕಸುವಿಲ್ಲದವರಿಗೆ, ಹಿರಿಯರಿಗೆ, ಸಂಧಿವಾತದವರಿಗೆ .380 ಕೂಡ ಅಯೋಗ್ಯವಲ್ಲ. ನಡುಗುವ ಕೈಯಿಂದ ತಪ್ಪಿಹೋಗುವ.45ಕ್ಕಿಂತ ನೆಟ್ಟಗೆ ಹೋಗುವ .380 ಮೇಲು. ತೀರ ಹಗುರವಾದ ರಿವಾಲ್ವರಿನಲ್ಲಿ .357 ಮ್ಯಾಗ್ನಮ್ ಹಾರಿಸಿದವನು ಎರಡನೆಯ ಬಾರಿ ಟ್ರಿಗರನ್ನು ಅದುಮಲು ಅಂಜುತ್ತಾನೆ. ಅಂಜಿದವನು ಅಭ್ಯಾಸ ಮಾಡುವುದಿಲ್ಲ. ಅಭ್ಯಾಸವಿಲ್ಲದವನಿಗೆ ಯಾವ ಕ್ಯಾಲಿಬರೂ ಸಾಲದು.

ಲೀವರ್ ರೈಫಲ್ಲಿನ ವಿಷಯದಲ್ಲಾದರೆ ಅಂಗಡಿಕಾರನು ತಿರುಗಿ ಒಂದು ಪ್ರಶ್ನೆ ಕೇಳಿಯಾನು: ಯಾವ ಕೆಲಸಕ್ಕೆ? ಕಾಡಿನ ಜಿಂಕೆಗಾದರೆ .30-30. ಅಲಾಸ್ಕದ ಭಾರಿ ಕರಡಿಯ ಹಾದಿಯಲ್ಲಿ ನಡೆಯುವವನಿಗಾದರೆ ಇಂದಿಗೂ ಮುದಿ .45-70. ರಿವಾಲ್ವರಿನೊಡನೆ ಒಂದೇ ತೋಟೆಯ ಹಳೆಯ ದಾಂಪತ್ಯ ಬೇಕೆನ್ನುವವನಿಗೆ .357 ಮ್ಯಾಗ್ನಮ್. 1935ರಲ್ಲಿ ಮಾರುಕಟ್ಟೆಗೆ ಬಂದ ಈ ತೋಟೆಯ ಗುಣ ವಿಶಿಷ್ಟವಾದುದು. ನಾಲ್ಕಂಗುಲದ ರಿವಾಲ್ವರಿನಿಂದ ಸೆಕೆಂಡಿಗೆ ಸುಮಾರು 1200 ಅಡಿ ಹೋಗುವ ಗುಂಡು, ರೈಫಲ್ಲಿನ ಉದ್ದನೆಯ ನಳಿಗೆಯಿಂದ 1700 ಅಡಿಯನ್ನು ಮುಟ್ಟುತ್ತದೆ; ಮದ್ದು ಉರಿದು ಮುಗಿಯುವವರೆಗೂ ಗುಂಡನ್ನು ನೂಕಲು ಅಲ್ಲಿ ಅವಕಾಶವಿದೆ. ಶಕ್ತಿ ಇಮ್ಮಡಿಯಾಗುತ್ತದೆ. 9 ಮಿ.ಮೀ. ತೋಟೆಯಲ್ಲಿ ಮದ್ದು ಕಡಿಮೆಯಾದ್ದರಿಂದ ಉದ್ದನೆಯ ನಳಿಗೆಯ ಲಾಭವೂ ಕಡಿಮೆ. ಅಗ್ಗದ, ಮೃದುವಾದ .38 ಸ್ಪೆಷಲ್ ತೋಟೆಯನ್ನು .357ರ ರಿವಾಲ್ವರಿನಲ್ಲಿ ಅಭ್ಯಾಸಕ್ಕೆ ಬಳಸಬಹುದೆಂಬುದು ಇನ್ನೊಂದು ಅನುಕೂಲ. ಇದರ ತಿರುಗುಮುರುಗು ಆಗದಂತೆ .357ರ ಚಿಪ್ಪನ್ನು ಬೇಕೆಂದೇ ತುಸು ಉದ್ದವಾಗಿಸಿದ್ದಾರೆ. ಅಳತೆ ಒಂದೇ ಎಂದ ಮಾತ್ರಕ್ಕೆ ಎಲ್ಲ ತೋಟೆಯೂ ಎಲ್ಲ ಕೋವಿಗೂ ಸಲ್ಲುವುದಿಲ್ಲ: ನೂರು ವರ್ಷ ಹಳೆಯ ಕೋವಿಗೆ ಇಂದಿನ ಬಿರುಸಾದ ತೋಟೆಯನ್ನು ತುಂಬಿದರೆ ಒಡೆಯುವುದು ಗುರಿಯಲ್ಲ, ಹೊಡೆದವನ ಕೈ.

ಕಾನೂನು ಆರಿಸುವ ಅಳತೆ

ಅಮೆರಿಕದಲ್ಲಿ ಕೊಳ್ಳುವವನು ಆರಿಸುವುದನ್ನು ಭಾರತದಲ್ಲಿ ಬಹುಪಾಲು ಕಾನೂನೇ ಆರಿಸುತ್ತದೆ. ಸೈನಿಕರ ತೋಟೆ ಪ್ರಜೆಗಳ ಕೋವಿಗೆ ಹೊಂದಬಾರದೆಂಬ ಎಚ್ಚರ ಬ್ರಿಟಿಷರ ಕಾಲದಿಂದ ಬಂದದ್ದು. .303 ಮತ್ತು 9 ಮಿ.ಮೀ. ಇಲ್ಲಿ ನಿಷಿದ್ಧ ಅಳತೆಗಳು. ಆದ್ದರಿಂದಲೇ ಪರವಾನಗಿ ಪಡೆದವರ ಮನೆಗಳಲ್ಲಿ .315 ರೈಫಲ್ಲು, ಹನ್ನೆರಡು ಬೋರಿನ ಕೋವಿ, .32 ರಿವಾಲ್ವರು ಕಾಣಸಿಗುತ್ತವೆ. 2014ರಲ್ಲಿ ಕಾನ್ಪುರದ ಸರಕಾರಿ ಕಾರ್ಖಾನೆಯು ಮಹಿಳೆಯರಿಗಾಗಿ ಹೊರತಂದ ‘ನಿರ್ಭೀಕ್’ ಎಂಬ ಅರ್ಧ ಕಿಲೋಗ್ರಾಂ ತೂಕದ ರಿವಾಲ್ವರ್ ಕೂಡ .32 ಅಳತೆಯದೇ. 2019ರ ತಿದ್ದುಪಡಿಯ ಬಳಿಕ ಒಬ್ಬ ಪರವಾನಗಿದಾರನು ಸಾಮಾನ್ಯವಾಗಿ ಎರಡಕ್ಕಿಂತ ಹೆಚ್ಚು ಆಯುಧಗಳನ್ನು ಇಟ್ಟುಕೊಳ್ಳುವಂತಿಲ್ಲ. ಬ್ರಿಟಿಷರ ಕಾಲದಿಂದಲೂ ಪರವಾನಗಿಯ ವಿನಾಯಿತಿ ಪಡೆದ ಕೊಡಗಿನಲ್ಲಿ, ಕೈಲ್ ಪೊಳ್ದ್ ಹಬ್ಬದ ದಿನ ಕೋವಿಗೆ ತೋಕ್ ಪೂವನ್ನು ಮುಡಿಸಿ ಪೂಜಿಸುತ್ತಾರೆ. ಅಲ್ಲಿ ಆಯುಧಕ್ಕೆ ಅಳತೆಗಿಂತ ಮೊದಲು ಮರ್ಯಾದೆ ಗೊತ್ತಾಗಿದೆ.

ಆ ಮರ್ಯಾದೆ ತಪ್ಪಿದಲ್ಲಿ ಏನಾಗುವುದೆಂಬುದಕ್ಕೂ ಅಂಕಿಗಳಿವೆ. ಅಮೆರಿಕದಲ್ಲಿ 2021ರ ಒಂದೇ ವರ್ಷದಲ್ಲಿ ಗುಂಡೇಟಿನಿಂದ ಸತ್ತವರು 48,830 ಮಂದಿ. ಅವರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ತಮ್ಮನ್ನು ತಾವೇ ಕೊಂದುಕೊಂಡವರು. ಕಳ್ಳನಿಗೆಂದು ಮನೆಗೆ ತಂದ ಪಿಸ್ತೂಲು ಕಳ್ಳನನ್ನು ಒಮ್ಮೆಯೂ ಕಾಣದೆ, ಮನೆಯವರ ದುಃಖದ ಒಂದು ಗಳಿಗೆಯಲ್ಲಿ ಕೈಗೆ ಸಿಕ್ಕಿಬಿಡುತ್ತದೆ. ಆ ಗಳಿಗೆಯಲ್ಲಿ .380ಕ್ಕೂ .45ಕ್ಕೂ ಭೇದವೇ ಇಲ್ಲ. ಅಲ್ಲಿ ಪ್ರಾಣವನ್ನು ಕಾಯುವುದು ಕಪಾಟಿನ ಬೀಗ, ತೋಟೆಗಳನ್ನು ಬೇರೆಡೆ ಇಟ್ಟ ಎಚ್ಚರ, ಮತ್ತು ಮನೆಯವರ ಮುಖವನ್ನು ಓದಬಲ್ಲ ಕಣ್ಣು.

ಹೀಗೆ ನೋಡಿದರೆ ಕ್ಯಾಲಿಬರಿನ ಆಯ್ಕೆಯು ಬಹಳ ತಡವಾಗಿ ಬರುವ ಪ್ರಶ್ನೆ. ಈ ಆಯುಧ ನಿಜವಾಗಿ ಬೇಕೇ ಎಂಬುದು ಮೊದಲನೆಯದು. ಯಾವ ಕೆಲಸಕ್ಕೆ, ಎಷ್ಟು ದೂರಕ್ಕೆ ಎಂಬುದು ಎರಡನೆಯದು. ಅದರ ಒದೆತವನ್ನು ಅಂಜದೆ ತಾಳಿ, ವಾರವಾರವೂ ಅಭ್ಯಾಸ ಮಾಡಿ, ರಾತ್ರಿ ಬೀಗ ಹಾಕಿ ಮಲಗಬಲ್ಲೆನೇ ಎಂಬುದು ಮೂರನೆಯದು. ಈ ಮೂರಕ್ಕೂ ಪ್ರಾಮಾಣಿಕವಾಗಿ ಉತ್ತರ ಹೇಳಿಕೊಂಡವನಿಗೆ ನಾಲ್ಕನೆಯ ಪ್ರಶ್ನೆಯನ್ನು ಅಂಗಡಿಯ ಹುಡುಗನೂ ಬಿಡಿಸಿಕೊಟ್ಟಾನು.